ಕಮಾನ್ ಮೈದಾನಕ್ಕೆ ಬೈದವರು

ಕಮಾನ್ ಮೈದಾನದ ಬಗ್ಗೆ ಒಳ್ಳೆಯ ಮಾತಾಡುವವರು ಕೊಲ್ಹಾಪುರದಲ್ಲಿ ಎರಡೇ ಥರದವರು: ಅಲ್ಲಿ ಒಮ್ಮೆಯೂ ಕುಳಿತು ಮ್ಯಾಚು ನೋಡದವರು ಮತ್ತು ಭಾಷಣ ಮಾಡುವವರು. ಉಳಿದವರೆಲ್ಲ ಅದನ್ನು ಬೈಯುತ್ತಲೇ ಮೆಟ್ಟಿಲ ಮೇಲೆ ಟವೆಲು ಹಾಸಿ ಕೂರುತ್ತಾರೆ. ಬೈಯುವುದರಲ್ಲಿ ಅಕ್ಕಾತಾಯಿ ಇಂಗವಲೆಯನ್ನು ಮೀರಿಸುವವರು ತೋಫಖಾನಾ ಪೇಟೆಯಲ್ಲಿ ಇರಲಿಲ್ಲ. ಅದು ಪೇಟೆಗೂ ಗೊತ್ತಿತ್ತು, ಅವಳಿಗಂತೂ ಚೆನ್ನಾಗಿಯೇ ಗೊತ್ತಿತ್ತು. ತೋಫಖಾನಾ ತಾಲೀಮು ಎಂಬ ಪೇಟೆಯ ಗರಡಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಸಂಗ್ರಾಮ ಅವಳ ಮಗ. ಅವಳು ಹೆಂಗಸರ ಗ್ಯಾಲರಿಯಲ್ಲಿ ಬಂದು ಕೂತಳೆಂದರೆ ರೆಫರಿ ಸೀಟಿ ಊದುವ ಮೊದಲು ಒಮ್ಮೆ ಆ ಕಡೆ ನೋಡಿ ಉಗುಳು ನುಂಗುತ್ತಿದ್ದ.

ಹೆಂಗಸರ ಗ್ಯಾಲರಿ ಎಂದರೆ ಉತ್ತರದ ಗೋಲಿನ ಹಿಂದಿರುವ ಕಲ್ಲಿನ ಮೆಟ್ಟಿಲುಗಳು. ಹಿಂದೆ ಯಾರೋ ರಾಣಿಸಾಹೇಬರು ತಮ್ಮ ಪರಿವಾರದ ಹೆಂಗಸರಿಗಾಗಿ ಕಟ್ಟಿಸಿದ್ದಂತೆ. ರಾಣಿಯ ಕಾಲ ಹೋಗಿ, ಅಲ್ಲಿ ಬಲಗಡೆ ತೋಫಖಾನಾದವರು, ಎಡಗಡೆ ಚಿಂಚ ಗಲ್ಲಿಯವರು ಬಂದು ಕುಳಿತರು. ನಡುವೆ ತುಕ್ಕು ಹಿಡಿದ ಒಂದು ಕಂಬಿ. ಈ ಎರಡು ಪೇಟೆಗಳ ತಂಡಗಳು ಎದುರಾದ ದಿನ ಆ ಕಂಬಿಯ ಎರಡೂ ಕಡೆಯಿಂದ ಹಾರುವ ಮಾತುಗಳನ್ನು ಕೇಳಿದರೆ ಗಂಡಸರ ಗ್ಯಾಲರಿಯೇ ನಾಚಿ ತಲೆ ತಗ್ಗಿಸಬೇಕು. ಆದರೆ ಅರ್ಧ ಆಟಕ್ಕೆ ಸೀಟಿ ಬಿದ್ದ ಕೂಡಲೇ ಎರಡೂ ಕಡೆಯ ಹೆಂಗಸರು ಒಟ್ಟಿಗೇ ಎದ್ದು ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಮೈದಾನದಲ್ಲಿ ಹೆಂಗಸರಿಗೆ ಸಂಡಾಸವಿರಲಿಲ್ಲ. ಹಿಂದಿನ ಗೋಡೆಗೆ ತಾಗಿದ್ದ ಮನೆ ಹೌಸಾಬಾಯಿಯದು. ಹೌಸಾಬಾಯಿ ಎಂದರೆ ಚಿಂಚ ಗಲ್ಲಿಯ ದೊಡ್ಡ ಬಾಯಿ. ಅವಳ ಅಂಗಳದಲ್ಲಿ ಶತ್ರು ಮಿತ್ರ ಎನ್ನದೆ ಸಾಲು ನಿಲ್ಲುವುದು ವಾಡಿಕೆ. ಹಾಗೆ ನಿಂತಿದ್ದ ಸಾಲಿನಲ್ಲೇ ಹೌಸಾಬಾಯಿ ಅಕ್ಕಾತಾಯಿಯ ಮಗಳನ್ನು ನೋಡಿ, ಮೆಚ್ಚಿ, ತನ್ನ ಮಗನಿಗೆ ತಂದುಕೊಂಡಳು. ಅಲ್ಲಿಂದ ಇಬ್ಬರೂ ಬೀಗಿತ್ತಿಯರು. ಬೀಗತನ ಮನೆಯಲ್ಲಿ, ಹಗೆತನ ಗ್ಯಾಲರಿಯಲ್ಲಿ ಎಂದು ಮದುವೆಯ ಮಂಟಪದಲ್ಲೇ ಒಪ್ಪಂದವಾಗಿತ್ತು.

ಹೀಗಿರುವಾಗ ಮೈದಾನದ ಟ್ರಸ್ಟಿನವರು ಒಂದು ಸುದ್ದಿ ಬಿಟ್ಟರು. ಹಳೆಯ ಮೈದಾನವನ್ನು ಕೆಡವಿ, ಹೆದ್ದಾರಿಯಾಚೆ ಯಾರೋ ದಾನ ಕೊಟ್ಟ ಜಾಗದಲ್ಲಿ ಹೊಸದನ್ನು ಕಟ್ಟಬೇಕೋ, ಇದನ್ನೇ ರಿಪೇರಿ ಮಾಡಬೇಕೋ? ಪುಣೆಯಿಂದ ಒಬ್ಬ ಇಂಜಿನಿಯರ್ ಬಂದು ಜನರನ್ನೇ ಕೇಳುತ್ತಾನೆ. ಅವನು ಬರೆದುಕೊಟ್ಟಂತೆ ಟ್ರಸ್ಟು ನಡೆಯುತ್ತದೆ.

"ಹೊಸಾದು ಬರಲಿ ಬಿಡು ಆಯೀ," ಎಂದ ಸಂಗ್ರಾಮ, ತಟ್ಟೆಗೆ ಕೆಂಪು ರಸ್ಸಾ ಸುರಿದುಕೊಳ್ಳುತ್ತಾ. "ಹುಲ್ಲಿನ ನೆಲ ಅಂತ. ಇಲ್ಲಿ ಒಮ್ಮೆ ಡೈವ್ ಹೊಡದ್ರ ಎಂಟ ದಿನ ಮೊಳಕಾಲಿಗೆ ಅರಿಷಿಣ ಹಚ್ಚಬೇಕು."

"ಹಚ್ಚಾಕಿ ನಾನು. ನನಗ ಗೊತ್ತಿಲ್ಲೇನು?"

"ಮತ್ತ? ಈ ಹಾಳ ಮೈದಾನದಾಗ ಏನ ಉಳದೈತಿ ಹೇಳು."

ಅಕ್ಕಾತಾಯಿ ಇನ್ನೊಂದು ಭಾಕರಿ ತಟ್ಟಿ ಹಂಚಿಗೆ ಹಾಕಿದಳು. ಬೈಗುಳ ಬಾರದ್ದಕ್ಕೆ ಮಗ ಒಮ್ಮೆ ತಲೆಯೆತ್ತಿ ನೋಡಿದ, ಆದರೆ ಹಸಿವು ದೊಡ್ಡದಿತ್ತು, ಮತ್ತೆ ತಟ್ಟೆಗೆ ಬಾಗಿದ.

ಅವಳಿಗೆ ಕಂಡದ್ದು ಇಷ್ಟೇ. ಹೆದ್ದಾರಿಯಾಚೆಗೆ ಗಂಡಸರು ಬೈಕಿನ ಮೇಲೆ ಹೋಗುತ್ತಾರೆ. ಈಗ ಹೆಂಗಸರು ಮಧ್ಯಾಹ್ನದ ಪಾತ್ರೆ ತೊಳೆದು, ಕೈಯ ನೀರು ಆರುವ ಮೊದಲೇ ನಾಲ್ಕು ಹೆಜ್ಜೆ ನಡೆದು ಗ್ಯಾಲರಿಯಲ್ಲಿ ಕೂರುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಾರೆ. ಅಲ್ಲಿಗಾದರೆ ಹೋಗಬೇಡಿ ಎಂದು ಯಾರೂ ಹೇಳುವುದಿಲ್ಲ. ಅದೇ ಕಷ್ಟ. ಹೇಳಿದ್ದರೆ ಜಗಳವಾಡಬಹುದಿತ್ತು. ಒಂದು ಭಾನುವಾರ ನೆಂಟರು ಬಂದರು, ಇನ್ನೊಂದು ಭಾನುವಾರ ಬೈಕಿನಲ್ಲಿ ಜಾಗವಿಲ್ಲ, ಮತ್ತೊಂದು ಭಾನುವಾರ ಅಡುಗೆ ತಡವಾಯಿತು. ಹೀಗೇ ಒಂದು ಸೀಸನ್ನು ಕಳೆಯುವುದರೊಳಗೆ ಹೆಂಗಸರ ಆಟ ಸದ್ದಿಲ್ಲದೆ ಮುಗಿದುಹೋಗುತ್ತದೆ. ಆಟವಿಲ್ಲದ ಭಾನುವಾರ ಅವಳಿಗೆ ಬೇಡವಾಗಿತ್ತು. ಆದರೆ ನಮಗೂ ಆಟ ಬೇಕು ಎಂದು ಊರಿನ ಗಂಡಸರ ಮುಂದೆ ಸೆರಗೊಡ್ಡುವುದೇ? ಅಕ್ಕಾತಾಯಿ ಆ ಪೈಕಿಯವಳಲ್ಲ.

ಅದಕ್ಕೇ ಅವಳು ಉಪಾಯ ಮಾಡಿದಳು. ಪೇಟೆಯ ಹೆಂಗಸರನ್ನೆಲ್ಲ ನಲ್ಲಿಯ ಹತ್ತಿರ ಸೇರಿಸಿ ಹೇಳಿದಳು: "ಸಾಹೇಬ ಬಂದಾಗ ನಾವು ಮೈದಾನಕ್ಕ ಬಾಯಿಗೆ ಬಂದಂಗ ಬೈಯೂದು."

"ಬೈದ್ರ ಕೆಡವತಾರಲ್ಲ, ಕಾಕೂ!"

"ಕೇಳ ಇಲ್ಲೆ. ತೋಫಖಾನಾದವರು ಮಳಿ ಬರತೈತಿ ಅಂದ್ರ ಚಿಂಚ ಗಲ್ಲಿಯವರು ಅರಿವಿ ಒಣಾ ಹಾಕತಾರ. ನಾವು ಬೈದ್ರ ಅವರು ಹೊಗಳಬೇಕು, ಬ್ಯಾರೆ ದಾರಿನ ಇಲ್ಲ ಅವರಿಗೆ. ಟ್ರಸ್ಟಿನ ಅಧ್ಯಕ್ಷ ಯಾರು? ಚಿಂಚ ಗಲ್ಲಿಯಂವ. ಅವರ ಮಂದಿ ಬೇಕು ಅಂದ್ಮ್ಯಾಲ ಅಂವ ಹೆಂಗ ಕೆಡವತಾನ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಉಪಾಯ ಅಚ್ಚುಕಟ್ಟಾಗಿತ್ತು. ಕೊಡ ತುಂಬಿ ಚೆಲ್ಲುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ.

ಭಾನುವಾರ ಇಂಜಿನಿಯರ್ ಬಂದ. ಪರಾಂಜಪೆ ಎಂದು ಹೆಸರು. ಎಳೆಯ ವಯಸ್ಸು, ನಯವಾದ ಮಾತು. ಉತ್ತರದ ಗೋಲಿನ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಎರಡೂ ಪೇಟೆಗಳ ಗಂಡಸರು ಮೈದಾನದ ಎರಡು ಬದಿಗೆ, ಎರಡೂ ತಂಡಗಳ ಆಟಗಾರರು ಗೆರೆಯ ಮೇಲೆ, ಹೆಂಗಸರು ತಮ್ಮ ಮೆಟ್ಟಿಲ ಮೇಲೆ. ಮೊದಲು ಯಾರು ಮಾತಾಡುತ್ತೀರಿ ಎಂದು ಅವನು ಕೇಳಿ ಮುಗಿಸುವುದರೊಳಗೆ ಅಕ್ಕಾತಾಯಿ ಮೈಕಿನ ಮುಂದಿದ್ದಳು.

"ಸಾಹೇಬ್ರ, ನಮ್ಮ ಬಲಗಡೆ ಮೆಟ್ಟಿಲ ನೋಡ್ರಿ. ಕುಂತ್ರ ಸೀರಿ ಹರೀತೈತಿ, ನಿಂತ್ರ ಕಾಲ ಉಳಕತೈತಿ. ಮ್ಯಾಲ ತಗಡಿನ ಪತ್ರಾ ಐತಿ ಅಂತ ಹೇಳತಾರ. ಬಿಸಿಲಿದ್ರ ಬಿಸಿಲ ಬಿಡತೈತಿ, ಮಳಿ ಇದ್ರ ಮಳಿ ಬಿಡತೈತಿ, ನಡುವ ಪಾರಿವಾಳ ಏನ ಬಿಡತಾವ ಅನ್ನೂದನ್ನ ನಾ ಮೈಕಿನ್ಯಾಗ ಹೇಳಂಗಿಲ್ಲ. ಆ ಮೂಲಿ ನೋಡ್ರಿ, ಎಷ್ಟ ಇಳಿಜಾರ ಐತಿ! ಕಾರ್ನರ್ ಹೊಡ್ಯಾಕ ಚೆಂಡ ಇಟ್ರ ಅದು ತಾನ ಉರುಳಿ ಮನಿಗೆ ಹೊಕ್ಕೈತಿ."

ಮೈದಾನವೇ ನಕ್ಕಿತು. ಚಿಂಚ ಗಲ್ಲಿಯವರೂ ನಕ್ಕರು. ಯಾರೋ ಸೀಟಿ ಹೊಡೆದರು. ಅಕ್ಕಾತಾಯಿ ಸೆರಗು ಸರಿಮಾಡಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತಳು. ಇನ್ನು ಬೀಗಿತ್ತಿ ಎದ್ದು, ನಮ್ಮ ಮೈದಾನಕ್ಕೇನು ಕಡಿಮೆಯಾಗಿದೆ ಎಂದು ಗುಡುಗುವುದೊಂದೇ ಬಾಕಿ.

ಹೌಸಾಬಾಯಿ ಎದ್ದಳು. ಮೈಕನ್ನು ಕೈಯಲ್ಲೇ ಹಿಡಿದುಕೊಂಡಳು.

"ಇಷ್ಟಕ್ಕ ಅಳತಾರ ನೋಡ್ರಿ ತೋಫಖಾನಾದವರು! ಮೆಟ್ಟಿಲ ಹರಕ ಅಂತ. ಅಯ್ಯ, ಮೆಟ್ಟಿಲರ ಐತಿ ನಿಮಗ! ನಮ್ಮ ಎಡಗಡೆ ಬಂದ ನೋಡ್ರಿ ಸಾಹೇಬ್ರ, ಕಲ್ಲೆಲ್ಲಾ ಕಿತ್ತಹೋಗಿ ಬರೇ ಮಣ್ಣಿನ ದಿಬ್ಬ. ಪತ್ರಾ ಸೋರತೈತಂತ ಇವರಿಗೆ. ಸೋರಾಕ ಮೊದಲ ಪತ್ರಾ ಬೇಕಲ್ರಿ? ನಮ್ಮದು ಹ್ವಾದ ಮಳಿಗಾಲದಾಗ ಗಾಳಿಗೆ ಹಾರಿ ಹೋಗಿ ತೋಫಖಾನಾದವರ ಎಮ್ಮಿ ಕೊಟ್ಟಿಗಿ ಮ್ಯಾಲ ಕುಂತೈತಿ. ಇವತ್ತಿಗೂ ವಾಪಸ್ ಕೊಟ್ಟಿಲ್ಲ!"

ಈಗ ಚಿಂಚ ಗಲ್ಲಿಯ ಕಡೆಯಿಂದ ಹಲಗೆ ಬಡಿದರು. ಅಕ್ಕಾತಾಯಿಗೆ ಒಂದು ಕ್ಷಣ ಏನಾಯಿತೆಂದೇ ತಿಳಿಯಲಿಲ್ಲ. ಚಿಂಚ ಗಲ್ಲಿ ಎದುರು ಮಾತಾಡುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ತೋಫಖಾನಾದವರಿಗಿಂತ ಹೆಚ್ಚು ಕೆಟ್ಟದ್ದು ತನ್ನಲ್ಲೇ ಇದೆ ಎಂದು ಎದೆ ತಟ್ಟಿಕೊಳ್ಳುತ್ತದೆ ಎಂದು ಹಾಕಿರಲಿಲ್ಲ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಇನ್ನೂ ಏನಾದರೂ ಉಳಿಯುತ್ತಿತ್ತು. ಅವಳಿಗೆ ಉಪಾಯ ನೆನಪಿತ್ತು, ಆದರೆ ಬೀಗಿತ್ತಿಗಾಗಿ ಬಡಿದ ಹಲಗೆಯ ಸದ್ದು ಕಿವಿಯಲ್ಲಿತ್ತು.

"ಎಮ್ಮಿ ಕೊಟ್ಟಿಗಿ ಮಾತ ಬ್ಯಾಡ್ರಿ!" ಕುಳಿತಲ್ಲಿಂದಲೇ ಕೂಗಿದಳು. "ಅರ್ಧ ಆಟಕ್ಕ ನಾವು ವೈರಿ ಮನ್ಯಾಗ ಚಂಬು ಹಿಡಕೊಂಡು ಸಾಲ ನಿಂದರಬೇಕು! ಅದನ್ನ ಬರಕೊಳ್ರಿ ಸಾಹೇಬ್ರ!"

"ಹಂಗ ನಿಂತ ನಿಂತ ನಮ್ಮ ಬಚ್ಚಲದ ಬಾಗಲಾ ಮುರದಾರ! ಅದನ್ನೂ ಬರಕೊಳ್ರಿ!"

ಪರಾಂಜಪೆ ಎಲ್ಲವನ್ನೂ ಬರೆದುಕೊಂಡ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕರವಸ್ತ್ರದಿಂದ ಒರೆಸಿಕೊಂಡು ಎದ್ದುನಿಂತ.

"ನಿಜ ಹೇಳ್ತೀನಿ, ನಾನು ಹೆದರಿಕೊಂಡೇ ಬಂದಿದ್ದೆ. ಈ ಎರಡು ಪೇಟೆ ಯಾವತ್ತೂ ಒಂದು ಮಾತಿಗೆ ಬರೋದಿಲ್ಲ ಅಂದಿದ್ರು. ಇವತ್ತು ಇಬ್ಬರದೂ ಒಂದೇ ಮಾತು. ಈ ಮೈದಾನ ಉಪಯೋಗಕ್ಕಿಲ್ಲ, ಹೊಸದಕ್ಕೆ ಹೋಗೋಣ ಅಂತ ಬರೀತೀನಿ. ಸರಿ ತಾನೆ?"

ಗಂಡಸರು ಚಪ್ಪಾಳೆ ಹೊಡೆದರು. ಅಕ್ಕಾತಾಯಿ ಕಂಬಿಯಾಚೆಗೆ ನೋಡಿದಳು. ಹೌಸಾಬಾಯಿಯ ಮುಖ ಇಳಿದುಹೋಗಿತ್ತು.

"ನೀವ್ಯಾಕ್ರಿ ಶುರು ಮಾಡಿದ್ರಿ?" ಹೌಸಾಬಾಯಿ ಹಲ್ಲು ಕಚ್ಚಿ ಕೇಳಿದಳು.

"ನೀವು ಎದುರ ಮಾತಾಡತೀರಿ ಅಂತ, ಬೀಗತ್ಯಾರ! ಯಾವಾಗಲೂ ಆಡತೀರಲ್ಲ!"

"ಮೊದಲ ಒಂದ ಮಾತ ಹೇಳಬಾರದೇನ್ರಿ? ಇಷ್ಟ ಛಂದ ಬೈದ್ರ ನಾನರ ಹೆಂಗ ಸುಮ್ನಿರಲಿ?"

ಪರಾಂಜಪೆ ಪೆನ್ನು ತೆಗೆದ. ಅಕ್ಕಾತಾಯಿ ಎದ್ದಳು. ಮೆಟ್ಟಿಲಿಳಿದು ಮೈಕಿನ ಹತ್ತಿರ ಹೋದಳು. ಇಷ್ಟು ವರ್ಷ ಈ ಮೈದಾನದಲ್ಲಿ ಅವಳು ಹೆದರಿದ್ದು ಅದೇ ಮೊದಲು. ಜನ ಇನ್ನೊಂದು ಬೈಗುಳಕ್ಕೆಂದು ನಗುಮುಖ ಮಾಡಿಕೊಂಡು ಕಾದರು.

"ಸಾಹೇಬ್ರ, ಬರಿಯೂದ ನಿಂದರಸ್ರಿ. ನಾ ಹೇಳಿದ್ದೆಲ್ಲಾ ಖರೆ ಐತಿ. ಮೈದಾನ ಕೆಟ್ಟೈತಿ. ಆದ್ರ ನಮಗ ಇದ ಬೇಕು."

"ಯಾಕೆ ಕಾಕೂ? ಈಗ ತಾನೇ..."

"ನಡಕೊಂಡ ಬರಾಕ ಆಗತೈತಿ ಅಂತ. ಹೆದ್ದಾರಿ ದಾಟಿ ನಾವು ಬರಂಗಿಲ್ಲ. ಬ್ಯಾಡ ಅಂತಲ್ಲ. ಆಗಂಗಿಲ್ಲ. ಈ ಗಂಡಸರ ಮೈದಾನ ಅಲ್ಲಿಗೆ ಹೊಕ್ಕೈತಿ, ನಮ್ಮ ಆಟ ಇಲ್ಲೆ ಸಾಯತೈತಿ."

ಗೆರೆಯ ಮೇಲಿಂದ ಸಂಗ್ರಾಮ ನಗುತ್ತಾ ಕೂಗಿದ: "ಏನ್ ಆಯೀ, ನಾ ಕರ್ಕೊಂಡ ಹೋಗಂಗಿಲ್ಲೇನು ನಿನ್ನ?"

ಅವಳು ಮೈಕನ್ನು ಬಿಡದೆ ಮಗನ ಕಡೆ ತಿರುಗಿದಳು. "ನೀ ತಂಡದ ಜೋಡಿ ಮೊದಲ ಹೋಗಾಂವ. ಆ ಹೊತ್ತಿಗೆ ನಾ ನಿಮ್ಮಪ್ಪನ ತಾಟ ತೊಳೀತಿರತೀನಿ. ನಿಮ್ಮಪ್ಪ ಗೆಳ್ಯಾರನ ಕೂಡಿಸಿಕೊಂಡ ಹೋಗಾಂವ. ನನ್ನ ಯಾರ ಬೈಕ್ ಮ್ಯಾಲ ಕೂಡಸ್ತಿ? ಹೌಸಾಬಾಯಾರನ? ಹಿಂದ ಕುಂತಾರಲ್ಲ, ಅವರನ್ನೆಲ್ಲಾ? ನಿನ್ನ ಮೊಳಕಾಲ ನನಗ ಗೊತ್ತೈತಿ ಮಗಾ. ನೆಲ ಕೆಟ್ರ ನೆಲ ಸರಿ ಮಾಡಸೂಣು, ಅದಕ್ಕ ನಾನೂ ಹೊಡದಾಡತೀನಿ. ಅಲ್ಲೇ ಬೇಕಂದ್ರ ಹೋಗಿ ಆಡು, ನಾ ಬ್ಯಾಡ ಅನ್ನಂಗಿಲ್ಲ. ನಿನ್ನ ಗೋಲಿನ ಹಿಂದ ನಾ ಇರಂಗಿಲ್ಲ, ಅಷ್ಟ."

ಸಂಗ್ರಾಮನ ನಗು ನಿಂತಿತು. ಅವನು ಹೆಂಗಸರ ಗ್ಯಾಲರಿಯ ಕಡೆ ನೋಡಿದ. ಹೊಸ ಮೈದಾನವನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲೇ ಕಟ್ಟಿದ್ದ, ಹುಲ್ಲು ಹಾಸಿದ್ದ, ದೀಪ ಹಾಕಿಸಿದ್ದ. ಅಷ್ಟರಲ್ಲೂ ಗೋಲಿನ ಹಿಂದೆ ತಾಯಿ ಇದ್ದೇ ಇರುತ್ತಾಳೆಂದು ಎಣಿಸಿದ್ದ. ಅವನು ಕುಂಟುತ್ತಾ ನಡೆದು ಬಂದು ಮೈಕಿನ ಹತ್ತಿರ ನಿಂತ.

"ಸಾಹೇಬ್ರ, ನಾ ತೋಫಖಾನಾದ ಕೀಪರ್. ಹೊಸಾದು ಬೇಕು ಅಂತ ಎಲ್ಲಾರಿಗಿಂತ ದೊಡ್ಡ ದನಿ ಮಾಡಿದಾಂವ ನಾನ." ಅವನು ತಲೆ ಕೆರೆದುಕೊಂಡ. "ಪೆನಾಲ್ಟಿ ಬಂದಾಗ ನಮ್ಮವ್ವ ಹಿಂದಿಂದ ಬೈತಿರತಾಳ. ಆ ಬೈಗಳ ನಿಂತ್ರ ನನಗ ಕಾಲ ನಡಗತಾವ. ಈ ಮಾತ ಯಾರ ಮುಂದೂ ಹೇಳಿಲ್ಲ. ನೆಲ ಸರಿ ಮಾಡಿ ಕೊಡ್ರಿ ಸಾಕು. ನಾ ಇಲ್ಲೇ ಆಡತೀನಿ."

ಎದುರಾಳಿ ತಂಡದ ಮುಂದೆ ಯಾವ ಕೀಪರನೂ ಆಡಬಾರದ ಮಾತು ಅದು. ಚಿಂಚ ಗಲ್ಲಿಯ ಆಟಗಾರರು ಕೇಳಿಸಿಕೊಂಡರು, ಆದರೆ ಯಾರೂ ನಗಲಿಲ್ಲ. ಗಂಡಸರಲ್ಲಿ ಕೆಲವರು ತಂತಮ್ಮ ಮನೆಯವರು ಎಲ್ಲಿ ಕುಳಿತಿದ್ದಾರೆಂದು ಮೆಟ್ಟಿಲುಗಳ ಮೇಲೆ ಹುಡುಕತೊಡಗಿದರು.

ಪರಾಂಜಪೆ ಮೊದಲು ಬರೆದದ್ದನ್ನು ಹೊಡೆದುಹಾಕಿದ. "ಹಾಗಾದರೆ ಏನು ಬರೀಲಿ ಕಾಕೂ? ನೀವೇ ಹೇಳಿ, ಹಾಗೇ ಬರೀತೀನಿ."

ಅಕ್ಕಾತಾಯಿ ಬಾಯಿ ತೆರೆದಳು. ಮಗನ ತೋಳು ಹಿಡಿದುಕೊಂಡು ನಿಂತಳೇ ಹೊರತು ಒಂದು ಶಬ್ದವೂ ಹೊರಡಲಿಲ್ಲ. ತೋಫಖಾನಾದ ಹೆಂಗಸರು ಗಾಬರಿಯಾದರು. ಅವಳನ್ನು ಹೀಗೆ ಅವರು ಕಂಡಿರಲಿಲ್ಲ.

ಆಗ ಹೌಸಾಬಾಯಿ ಕಂಬಿಯ ಕೆಳಗೆ ನುಸುಳಿ, ತೋಫಖಾನಾದವರ ಮೆಟ್ಟಿಲನ್ನು ಹಾದು ಕೆಳಗಿಳಿದು ಬಂದಳು. ಬೀಗಿತ್ತಿಯ ಕೈಯಿಂದ ಮೈಕನ್ನು ತೆಗೆದುಕೊಂಡಳು.

"ನಮ್ಮ ಬೀಗತ್ಯಾರ ಪರವಾಗಿ ನಾ ಹೇಳತೀನಿ, ಬರಕೊಳ್ರಿ. ನೆಲ ಸರಿ ಮಾಡ್ರಿ, ಹುಡುಗೂರ ಮೊಳಕಾಲ ಉಳೀಲಿ. ಮೆಟ್ಟಿಲ ಕಟ್ಟಸ್ರಿ, ಪತ್ರಾ ಹಾಕಸ್ರಿ, ಹೆಣ್ಮಕ್ಕಳಿಗೆ ಸಂಡಾಸ ಕಟ್ಟಸ್ರಿ. ಆದ್ರ ಮೈದಾನ ಇಲ್ಲೇ ಇರಬೇಕು. ಚಿಂಚ ಗಲ್ಲಿದೂ ಇದ ಮಾತು, ತೋಫಖಾನಾದ್ದೂ ಇದ ಮಾತು. ಯಾರಿಗರ ಬ್ಯಾರೆ ಹೇಳೂದಿದ್ರ ಈಗ ಮುಂದ ಬಂದ ಹೇಳ್ರಿ, ನಾ ಇಲ್ಲೇ ನಿಂತೀನಿ."

ಯಾರೂ ಮುಂದೆ ಬರಲಿಲ್ಲ. ಅವಳು ನಿಂತಿದ್ದ ರೀತಿ ನೋಡಿದರೆ ಬರುವ ಹಾಗೂ ಇರಲಿಲ್ಲ. ಪರಾಂಜಪೆ ಬರೆದದ್ದನ್ನು ಗಟ್ಟಿಯಾಗಿ ಓದಿದ. ಎರಡೂ ಬದಿಯ ಹಲಗೆಗಳು ಒಟ್ಟಿಗೇ ಬಡಿದವು, ಒಂದಕ್ಕೊಂದು ತಾಳ ಸೇರದಿದ್ದರೂ.

ಆ ಗದ್ದಲದಲ್ಲಿ ಹೌಸಾಬಾಯಿ ಅಕ್ಕಾತಾಯಿಯ ಕಿವಿಗೆ ಬಾಯಿ ಹಚ್ಚಿದಳು. "ಮುಂದಿನ ಮ್ಯಾಚಿಗೆ ಪೇಢೆದ ಡಬ್ಬಿ ತರತೀನಿ. ಪೆನಾಲ್ಟಿ ಬಂದ ಕೂಡ್ಲೆ ನಿಮ್ಮ ಬಾಯಾಗ ತುರುಕಾಕಿ. ನಿಮ್ಮ ಮಗಾ ಹೆಂಗ ಹಿಡೀತಾನ ನೋಡೂಣು."

ಅಕ್ಕಾತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ದನಿ ಮರಳಿ ಬಂದಿತ್ತು.

"ತರ್ರಿ. ತಿನಕೋತನ ಬೈತೀನಿ."