ಮೂರು ಸಲ ಸುರಿದ ಎಣ್ಣೆ

ಇಡೀ ಬೀದಿ ಅವರನ್ನು ಗೇರಣ್ಣ ಎಂದೇ ಕರೆಯುತ್ತಿತ್ತು. ಮೂವತ್ತೆಂಟು ವರ್ಷ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ ಕೈ. ಈಗ ಗ್ಯಾರೇಜನ್ನು ಮಗಳು ನಡೆಸುತ್ತಿದ್ದಳು. ಆದರೆ ಆಟೋಮ್ಯಾಟಿಕ್ ಗಾಡಿ ಬಂತೆಂದರೆ ಅಪ್ಪನೇ ಮುಂದೆ.

ಒಂದು ಬೆಳಿಗ್ಗೆ ಶಾಲೆಯ ಟೀಚರಮ್ಮ ಕಾರು ತಂದರು. “ಗೇರಣ್ಣ, ಡ್ರೈವ್‌ಗೆ ಹಾಕಿದ್ರೆ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಹೊರಡುತ್ತೆ.”

“ವಯಸ್ಸಾಯ್ತಲ್ಲಮ್ಮ, ನನ್ನ ಹಾಗೇನೇ,” ಎಂದು ಅವರು ನಕ್ಕರು.

ಬಿಸಿಯಾದ ಇಂಜಿನ್ ಆರಿಸದೆ, ಬ್ರೇಕ್ ಒತ್ತಿ ಗೇರನ್ನು ಒಂದೊಂದು ಜಾಗಕ್ಕೂ ಒಯ್ದು ಪಾರ್ಕಿಗೆ ತಂದರು. ಗೇರ್ ಎಣ್ಣೆಯ ಅಳತೆಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ನೋಡಿದರು. ಕೆಂಪು ಎಣ್ಣೆ ಕೆಳಗೆರೆಯನ್ನೂ ಮುಟ್ಟಿರಲಿಲ್ಲ. ಸಪೂರ ಲಾಳಿಕೆಯಿಂದ ಅರ್ಧ ಲೀಟರಿನ ಒಂದು ಡಬ್ಬಿ ಸುರಿದರು. ಮಗಳು ಆಗ ಇನ್ನೊಂದು ಗಾಡಿಯ ಅಡಿಯಲ್ಲಿದ್ದಳು.

ಒಂದು ಗಂಟೆಯಲ್ಲಿ ಕಾರು ವಾಪಸ್ ಬಂತು, ನಾಲ್ಕು ಜನ ತಳ್ಳಿಕೊಂಡು. ಏರಿನಲ್ಲಿ ಇಂಜಿನ್ ಅರಚಿತಂತೆ, ಚಕ್ರ ಕದಲಲಿಲ್ಲವಂತೆ. ಮಗಳು ಕಡ್ಡಿ ಎಳೆದಳು. ಎಣ್ಣೆ ಮೇಲ್ಗೆರೆ ದಾಟಿ ನೊರೆಗಟ್ಟಿತ್ತು.

“ಯಾವನಮ್ಮ ಇಷ್ಟು ಸುರಿದೋನು?” ಅಪ್ಪ ಸಿಡುಕಿದರು. “ಗೇರ್‌ಬಾಕ್ಸ್ ಅಂದ್ರೆ ನೀರಿನ ಹಂಡೆ ಅಂದ್ಕೊಂಡಿದಾನಾ?”

ಟೀಚರಮ್ಮ ನೆಲ ನೋಡಿದರು. ಮೇಜಿನ ಮೇಲೆ ಮೂರು ಖಾಲಿ ಡಬ್ಬಿಗಳಿದ್ದವು. ಮೂರರ ಮುಚ್ಚಳವೂ ಬೋರಲಾಗಿತ್ತು. ಹಾಗೆ ಇಡುವವರು ಅಲ್ಲಿ ಒಬ್ಬರೇ. ಅಪ್ಪನ ಕಣ್ಣು ಆ ಕಡೆ ಹೋಯಿತು, ಅಲ್ಲೇ ನಿಂತಿತು.

ಹೆಚ್ಚಿನ ಎಣ್ಣೆಯನ್ನು ಮಗಳು ಕೊಳವೆ ಇಳಿಸಿ ಹೊರಗೆಳೆದಳು. ಅಪ್ಪ ಟಾರ್ಚ್ ಹಿಡಿದರು.

ಟೀಚರಮ್ಮ ಹೋದ ಮೇಲೆ ಅವರು ಸ್ಟೂಲಿನ ಮೇಲೆ ಕುಸಿದರು. “ಮೂರು ಸಲ ಹಾಕಿದೀನಿ. ನಂಗೆ ನೆನಪಿರೋದು ಒಂದೇ ಸಲ.”

“ಆಗುತ್ತೆ ಬಿಡಪ್ಪ.”

“ಆಗಬಾರದು. ಇದೇ ಬ್ರೇಕಿನ ಕೆಲಸ ಆಗಿದ್ರೆ? ಇನ್ಮೇಲೆ ನನ್ನನ್ನ ಗಾಡಿ ಮುಟ್ಟೋಕೆ ಬಿಡಬೇಡ. ಬೈತೀನಿ, ಕೂಗಾಡ್ತೀನಿ. ಆದ್ರೂ ಬಿಡಬೇಡ. ಮಾತು ಕೊಡು.”

ಕೊಟ್ಟಳು.

ಮರುದಿನ ಅವಳು ಬರುವಷ್ಟರಲ್ಲಿ ಅಪ್ಪ ಕೆಲಸದ ಬಟ್ಟೆ ತೊಟ್ಟು ಒಂದು ಕಾರಿನ ಬಾನೆಟ್ ಎತ್ತುತ್ತಿದ್ದರು.

“ಅಪ್ಪ, ಬೇಡ.”

“ಯಾಕೆ?”

“ನೀನೇ ಹೇಳಿದ್ದೆ.”

“ನಾನಾ? ನನ್ನ ಗ್ಯಾರೇಜಲ್ಲಿ ನಂಗೇ ಬುದ್ಧಿ ಹೇಳ್ತೀಯಾ?” ಸ್ಪ್ಯಾನರ್ ಗೋಡೆಗೆ ಬಡಿಯಿತು. ಹೆತ್ತ ಮಗಳೇ ಬೆನ್ನಿಗೆ ಚೂರಿ ಹಾಕಿದಳೆಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅವಳು ಅಲುಗಾಡದೆ ಬಾನೆಟ್ಟಿನ ಮುಂದೆ ನಿಂತಳು.

ಅದು ದಿನವೂ ನಡೆಯಿತು. ಅಪ್ಪನಿಗೆ ಪ್ರತಿ ಬೆಳಿಗ್ಗೆಯೂ ಅದು ಹೊಸ ಅವಮಾನ, ಅವಳಿಗೆ ಹಳೆಯದೇ. ಯಾವತ್ತಾದರೂ ಈ ಜಗಳ ಮುಗಿಯಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು.

ವರ್ಷ ಕಳೆದು ಒಂದು ಬೆಳಿಗ್ಗೆ ಅದು ಮುಗಿಯಿತು. ಅಪ್ಪ ಬಂದರು, ಗಾಡಿಗಳತ್ತ ತಿರುಗದೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತರು, ಹೋಗಿಬರುವವರನ್ನು ನೋಡತೊಡಗಿದರು. ಅವಳು ಬೇಕೆಂದೇ ಒಂದು ಬಾನೆಟ್ ಎತ್ತಿ, ಬದಿಗೆ ಸರಿದು ಕಾದಳು. ಅವರು ಏಳಲಿಲ್ಲ.

“ಅಪ್ಪ, ಬೈಯಲ್ವಾ?” ಎಂದಳು.

“ಯಾರನ್ನಮ್ಮ?” ಎಂದರು ಅವರು, ಗುರುತಿಲ್ಲದ ಗಿರಾಕಿಯೊಡನೆ ಮಾತಾಡುವಷ್ಟು ಮರ್ಯಾದೆಯಿಂದ.