ಆವಿಯಾಗುವ ಔಷಧಿ

ಲಿಫ್ಟ್ ಸಾಹೇಬರ ಲೆಕ್ಕದಲ್ಲಿ ಅವರ ಕಣ್ಣಿನ ಔಷಧಿ ಆವಿಯಾಗಿ ಹೋಗುತ್ತಿತ್ತು. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇವರು ಹಾಗಲ್ಲ. ನಗರದ ಎತ್ತರದ ಕಟ್ಟಡಗಳ ಲಿಫ್ಟುಗಳನ್ನೆಲ್ಲ ವರ್ಷಕ್ಕೊಮ್ಮೆ ಪರೀಕ್ಷಿಸಿ ಸಹಿ ಹಾಕುವವರು, ಉಕ್ಕಿನ ಹಗ್ಗದ ಮೇಲೆ ಬೆರಳಾಡಿಸಿ ಎಷ್ಟು ಎಳೆ ಸವೆದಿದೆಯೆಂದು ಹೇಳುವವರು. ಅಂಥವರು ಆವಿ ಎಂದರೆ ಆವಿಯೇ ಇರಬೇಕು.

ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರಮ್ಮ ಅವರಿಗೆ ಗ್ಲಾಕೋಮಾ ಇದೆಯೆಂದು ಕಂಡುಹಿಡಿದಿದ್ದರು. ಕಣ್ಣೊಳಗಿನ ನೀರು ಸರಿಯಾಗಿ ಹೊರಹೋಗದೆ ಒತ್ತಡ ಏರುತ್ತದೆ, ಹಿಂದಿನ ನರ ಸವೆಯುತ್ತದೆ, ನೋಟ ಅಂಚಿನಿಂದ ಸದ್ದಿಲ್ಲದೆ ಕರಗುತ್ತ ಬರುತ್ತದೆ, ಕರಗಿದ್ದು ಮರಳಿ ಬರುವುದಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದ್ದರು. ದಿನಾ ರಾತ್ರಿ ಎರಡೂ ಕಣ್ಣಿಗೆ ಒಂದೊಂದು ಹನಿ ಬಿಟ್ಟರೆ ಸಾಕು, ರೋಗ ಇದ್ದಲ್ಲೇ ನಿಲ್ಲುತ್ತದೆ ಎಂದು ಧೈರ್ಯವನ್ನೂ ತುಂಬಿದ್ದರು. ಔಷಧಿ ಅಂಗಡಿಯವನು ಬೆಲೆ ಹೇಳಿದಾಗ ಮಾತ್ರ ಸಾಹೇಬರು, ಒಂದು ಬಾಟಲಿಗೋ ಇಡೀ ಡಬ್ಬಕ್ಕೋ ಎಂದು ಎರಡು ಸಲ ಕೇಳಿದ್ದರು.

ಬಡವರೇನಲ್ಲ. ಇವರಿಗೆ ಸಂಬಳ ಬರುತ್ತದೆ, ಹೆಂಡತಿ ಪುಸ್ತಕ ಬೈಂಡಿಂಗ್ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಆದರೆ ಸಾಹೇಬರದು ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನೂ ಬಳಸುವ ಜಾಯಮಾನ. ಮೇಲಾಗಿ ಆ ಔಷಧಿ ಹಾಕಿದರೂ ಲೋಕ ಹಾಗೇ ಕಾಣುತ್ತಿತ್ತು, ಹಾಕದಿದ್ದರೂ ಹಾಗೇ. ಗುಣ ತೋರಿಸದ ಔಷಧಿಗೆ ಇಷ್ಟು ದುಡ್ಡು ಸುರಿಯಲು ಮನಸ್ಸು ಬಾರದೆ ಅವರು ತಮ್ಮದೇ ಒಂದು ದಾರಿ ಕಂಡುಕೊಂಡರು. ಡಾಕ್ಟರಮ್ಮನನ್ನು ನೋಡುವ ದಿನಕ್ಕೆ ಹತ್ತು ದಿನ ಮೊದಲು ಶ್ರದ್ಧೆಯಿಂದ ಹನಿ ಬಿಡಲು ಶುರು ಮಾಡುವುದು, ತೋರಿಸಿಕೊಂಡು ಬಂದ ರಾತ್ರಿಗೆ ನಿಲ್ಲಿಸುವುದು. ಪ್ರತಿ ಸಲವೂ ಒತ್ತಡ ಸರಿಯಾಗೇ ಬರುತ್ತಿತ್ತು. ಡಾಕ್ಟರಮ್ಮ ಭೇಷ್ ಅನ್ನುತ್ತಿದ್ದರು. ಸಾಹೇಬರು ಪರೀಕ್ಷೆ ಪಾಸಾದ ಹುಡುಗನಂತೆ ಹೊರಗೆ ಬರುತ್ತಿದ್ದರು.

ತೊಂದರೆಯೆಂದರೆ, ಮುಟ್ಟದೆ ಇಟ್ಟ ಬಾಟಲಿ ತಾನಾಗಿ ಹಗುರವಾಗುತ್ತಿತ್ತು. ಫ್ರಿಜ್ಜಿನ ಬಾಗಿಲಿನಿಂದ ತೆಗೆದು ಹಾಲಿನ ಪಾತ್ರೆಯ ಹಿಂದಿಟ್ಟರು. ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದರು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದರು. ಕೊನೆಗೆ ಬೆಳಕಿಗೆ ಹಿಡಿದು ಪೆನ್ನಿನಿಂದ ಮಟ್ಟ ಗುರುತು ಮಾಡಿದರು. ಇದೇನು ಗೆರೆ ಎಂದು ಹೆಂಡತಿ ಕೇಳಿದ್ದಕ್ಕೆ ಕಂಪನಿಯವರ ಗೆರೆ ಅಂದುಬಿಟ್ಟರು. ವಾರದಲ್ಲಿ ಔಷಧಿ ಗೆರೆಗಿಂತ ಒಂದು ಕೂದಲೆಳೆ ಕೆಳಗಿಳಿದಿತ್ತು. ದುಬಾರಿ ಔಷಧಿಗಳ ಸ್ವಭಾವವೇ ಹೀಗೆ, ಗಾಳಿ ಸೋಕಿದರೆ ಹಾರಿಹೋಗುತ್ತವೆ ಎಂದು ತೀರ್ಮಾನಿಸಿ, ಮುಚ್ಚಳ ತೆಗೆಯುವುದನ್ನೇ ಇನ್ನಷ್ಟು ಕಡಿಮೆ ಮಾಡಿದರು.

ಈ ಸಲದ ತಪಾಸಣೆಗೆ ಗಂಡ ಹೆಂಡತಿ ಇಬ್ಬರೂ ಹೋದರು. ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಗದ್ದವಿಟ್ಟು ಕೂರಬೇಕು, ಎಲ್ಲಾದರೂ ಚುಕ್ಕಿ ಬೆಳಕು ಕಂಡರೆ ಗುಂಡಿ ಒತ್ತಬೇಕು. ಎದ್ದು ಬಂದ ಸಾಹೇಬರು, ನಿಮ್ಮ ಯಂತ್ರದಲ್ಲಿ ಒಂದು ಮೂಲೆಯ ಬಲ್ಬು ಹೋಗಿದೆ, ರಿಪೇರಿ ಮಾಡಿಸಿ ಎಂದು ಅಲ್ಲಿನ ಹುಡುಗಿಗೆ ಸಲಹೆ ಕೊಟ್ಟರು. ಆಕೆ ಬಲ್ಬು ಸರಿಯಾಗಿದೆ ಸಾರ್ ಎಂದು ಮೆಲ್ಲಗೆ ಹೇಳಿ ಕಾಗದವನ್ನು ಒಳಗೆ ಕಳಿಸಿದಳು.

ಡಾಕ್ಟರಮ್ಮ ಮೂರು ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಮೊದಲನೆಯದರಲ್ಲಿ ಮಸಿ ಸಿಡಿದಂತೆ ಸಣ್ಣದೊಂದು ಕಪ್ಪು. ಎರಡನೆಯದರಲ್ಲಿ ಹೆಬ್ಬೆರಳ ಗುರುತಿನಷ್ಟು. ಇವತ್ತಿನದರಲ್ಲಿ ಬಲಗಣ್ಣಿನ ಮೂಗಿನ ಕಡೆಯ ಮೂಲೆ ಪೂರ್ತಿ ಕಪ್ಪು. ಒತ್ತಡ ಇಷ್ಟು ಚೆನ್ನಾಗಿದ್ದೂ ನೋಟ ಹೋಗುತ್ತಿದೆಯೆಂದರೆ ಹನಿಯನ್ನು ನೆಚ್ಚಿ ಕೂರುವಂತಿಲ್ಲ, ಮುಂದಿನ ತಿಂಗಳು ಬಲಗಣ್ಣಿಗೆ ಆಪರೇಷನ್ ಮಾಡಿಬಿಡೋಣ ಎಂದರು. ಅದರಲ್ಲಿ ಅಪಾಯವೇ ಇಲ್ಲ ಎಂದು ತಾನು ಹೇಳುವುದಿಲ್ಲ, ಕೆಲವರಿಗೆ ಆಮೇಲೆ ಇದ್ದ ನೋಟವೂ ಮಂಜಾಗುವುದುಂಟು ಎಂದೂ ಮುಚ್ಚಿಡದೆ ಹೇಳಿದರು. ದಿನಾಂಕ ಬರೆಯಲು ಒಂದು ಹಾಳೆ ಎಳೆದುಕೊಂಡರು.

ಸಾಹೇಬರ ಕೆಲಸವೆಂದರೆ ಲಿಫ್ಟಿನ ನೆತ್ತಿಯ ಮೇಲೆ ನಿಂತು, ಕತ್ತಲ ಬಾವಿಯಂಥ ಶಾಫ್ಟಿನಲ್ಲಿ ಟಾರ್ಚು ಹಿಡಿದು ಏರಿಳಿಯುವುದು. ಕಣ್ಣು ಮಂಜಾದವನಿಗೆ ಅಲ್ಲಿ ಜಾಗವಿಲ್ಲ. ಬಾಯಿ ಬಿಟ್ಟರೆ ಹೆಂಡತಿಯ ಎದುರು ಮಾನ ಹೋಗುತ್ತದೆ, ಬಿಡದಿದ್ದರೆ ಬೇಕಿಲ್ಲದ ಕತ್ತಿ ಕಣ್ಣಿಗೆ ಬೀಳುತ್ತದೆ.

ಈ ಇಕ್ಕಟ್ಟಿನಲ್ಲಿ, ತಾವು ಹೋಗುವ ಕಟ್ಟಡಗಳ ಮ್ಯಾನೇಜರುಗಳೆಲ್ಲ ಸಾಲಾಗಿ ನೆನಪಾದರು. ಸಾಹೇಬರು ಬರುತ್ತಾರೆಂದು ಗೊತ್ತಾದರೆ ಹಿಂದಿನ ದಿನವೇ ಹಳಿಗೆ ಗ್ರೀಸು ಬಳಿದು ಫಳಫಳ ಹೊಳೆಸಿಟ್ಟಿರುತ್ತಾರೆ. ಇವರು ಆ ಹಳಿಯನ್ನು ನೋಡುವುದೇ ಇಲ್ಲ. ಸೀದಾ ತಳದ ಗುಂಡಿಗಿಳಿದು ಅಲ್ಲಿ ಬಿದ್ದಿರುವ ಧೂಳನ್ನು ನೋಡುತ್ತಾರೆ. ವರ್ಷದ ಕಥೆಯೆಲ್ಲ ಆ ಧೂಳಿನಲ್ಲಿರುತ್ತದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಸಣ್ಣ ದೀಪ ಹಿಡಿದು ಮತ್ತೊಮ್ಮೆ ಬಾಗಿದರು. ಈ ಸಲ ಕಣ್ಣೊಳಗಲ್ಲ, ರೆಪ್ಪೆಯ ಅಂಚನ್ನು ನೋಡಿದರು.

"ದಿನಾ ಹಾಕ್ತೀರಾ ಸಾರ್?"

"ಹಾಕ್ತೀನಲ್ಲ."

"ಈ ಔಷಧಿಗೆ ಒಂದು ಗುಣ ಇದೆ. ದಿನಾ ಬಿದ್ರೆ ರೆಪ್ಪೆಗೂದಲು ಉದ್ದ ಆಗುತ್ತೆ, ದಪ್ಪ ಆಗುತ್ತೆ. ಎರಡು ವರ್ಷ ಹಾಕಿದೋರ ರೆಪ್ಪೆ ಹೀಗಿರಲ್ಲ." ಆಡಿದ ಮಾತು ಕಟುವಾಯಿತೇನೋ ಎಂದು ಸಮಾಧಾನಕ್ಕೆ ಪಕ್ಕಕ್ಕೆ ತಿರುಗಿದ ಡಾಕ್ಟರಮ್ಮ ಹಾಗೇ ನಿಂತರು. "ಹೀಗಿರುತ್ತೆ. ಇವರ ಹಾಗೆ."

ಇವರು ಎಂದರೆ ಸಾಹೇಬರ ಹೆಂಡತಿ. ಐವತ್ತು ದಾಟಿದ ಆಕೆಯ ಕಣ್ಣಿಗೆ ಕಾಡಿಗೆ ತೀಡಿದಂತೆ ಕಪ್ಪಗೆ, ಹಿಡಿ ತುಂಬ ರೆಪ್ಪೆಗೂದಲು. ಆಕೆಯ ತಂಗಿ ಕಳೆದ ತಿಂಗಳು ಬಂದಾಗ, ಅಕ್ಕಾ ಈ ವಯಸ್ಸಲ್ಲಿ ಅದೇನು ಹಚ್ಚಿಕೊಳ್ಳುತ್ತೀ, ನನಗೂ ಹೇಳು ಎಂದು ಚುಡಾಯಿಸಿ ಹೋಗಿದ್ದಳು.

ಆಕೆ ಸೆರಗಿನ ತುದಿ ಸುತ್ತುತ್ತ ತಲೆ ತಗ್ಗಿಸಿ ಎಲ್ಲ ಹೇಳಿದಳು. ಕಾರ್ಖಾನೆಯ ಕಾಗದದ ಧೂಳಿಗೆ ಕಣ್ಣು ಕೆಂಪಾಗಿ ಕಡಿಯುತ್ತಿತ್ತಂತೆ. ಮನೆಯಲ್ಲಿ ಅಷ್ಟು ಬೆಲೆಯ ಔಷಧಿ ಇರುವಾಗ ಇನ್ನೊಂದು ಯಾಕೆ ಕೊಳ್ಳಬೇಕು, ಕಣ್ಣಿನದು ಕಣ್ಣಿನದೇ ತಾನೆ ಎಂದು ಒಂದು ದಿನ ಬಿಟ್ಟುಕೊಂಡಳಂತೆ. ಕೆಂಪು ಹೋಗಲಿಲ್ಲ. ಹೋಗುವ ತನಕ ಹಾಕೋಣವೆಂದು ದಿನಾ ಹಾಕಿದಳಂತೆ.

"ಹಾಗಾದ್ರೆ ಆವಿ ಆಗ್ತಿದ್ದಿದ್ದು..." ಎಂದರು ಸಾಹೇಬರು.

"ಎಂಥ ಆವಿ ರೀ?" ಆಕೆ ತಲೆಯೆತ್ತಿದಳು. ಆಮೇಲೆ ಗೆರೆ ನೆನಪಾಗಿ ಮುಖ ಕೆಂಪಾಯಿತು. "ನಾನೇ ಆವಿ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸಾಹೇಬರು ಹತ್ತು ದಿನದ ಉಪಾಯವನ್ನು ಮೊದಲಿಂದ ಕೊನೆಯ ತನಕ, ಲಿಫ್ಟಿನ ವರದಿ ಬರೆಸುವ ಹಾಗೆ ಒಂದೂ ಬಿಡದೆ ಒಪ್ಪಿಸಿದರು. ಡಾಕ್ಟರಮ್ಮ ಬೈಯಲಿಲ್ಲ. ಹಾಳೆಯನ್ನು ಮಡಚಿ ಫೈಲಿನೊಳಗಿಟ್ಟರು.

"ಇದಕ್ಕಿಂತ ಕಡಿಮೆದು ಇಲ್ವಾ ಅಂತ ಒಂದು ಮಾತು ಕೇಳ್ಬಾರದಿತ್ತಾ ಸಾರ್?"

"ಅಗ್ಗದ ಮನುಷ್ಯ ಅಂದ್ಕೋತೀರಾ ಅಂತ ಕೇಳ್ಲಿಲ್ಲ."

"ತಗೊಳ್ಳೋಕೆ ಆಗುತ್ತಾ ಅಂತ ನಾನೂ ಕೇಳ್ಲಿಲ್ಲ ಬಿಡಿ."

ಆಮೇಲೆ ಆಯ್ಕೆಯ ಮಾತು ಬಂತು. ಎಲ್ಲಕ್ಕಿಂತ ಅಗ್ಗದ, ಹಳೆಯ ಕಾಲದ ಹನಿಯೊಂದಿತ್ತು, ಎರಡು ಲೋಟ ಚಹಾದ ದುಡ್ಡಿಗೆ ಸಿಗುವಂಥದ್ದು. ಸಾಹೇಬರ ಮುಖ ಅರಳಿತು. ಬರೆಯುವ ಮೊದಲು ಡಾಕ್ಟರಮ್ಮ ಉಸಿರಾಟದ ತೊಂದರೆಯೇನಾದರೂ ಉಂಟೇ ಎಂದು ಕೇಳಿದರು. ಇಲ್ಲ ಎನ್ನಲು ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, ಶಾಫ್ಟಿನ ಧೂಳಿಗೆ ಇವರ ಎದೆ ಕೊಳಲಿನ ಹಾಗೆ ಸುಯ್ಯೆನ್ನುತ್ತದೆ, ಚಳಿಗಾಲದಲ್ಲಿ ಕೇಳಲೇಬೇಡಿ ಎಂದಳು. ಹಾಗಿದ್ದರೆ ಅದು ಆಗದು, ಅದರಿಂದ ಕಣ್ಣು ಉಳಿದರೂ ಉಸಿರು ಕಟ್ಟಿ ಆಸ್ಪತ್ರೆ ಸೇರಬೇಕಾದೀತು, ಆಗ ಅಗ್ಗವಾದದ್ದೇನು ಬಂತು ಎಂದು ಡಾಕ್ಟರಮ್ಮ ಅದನ್ನು ತಳ್ಳಿಹಾಕಿದರು. ಈಗಿನದೇ ಔಷಧಿಯನ್ನು ಹೆಸರಿಲ್ಲದ ಕಂಪನಿಗಳೂ ಮಾಡುತ್ತವೆ, ಒಳಗಿರುವುದು ಅದೇ, ಬೆಲೆ ಮೂರರಲ್ಲೊಂದು ಪಾಲು ಎಂದು ಔಷಧಿಯ ಮೂಲ ಹೆಸರನ್ನು ದಪ್ಪಕ್ಷರದಲ್ಲಿ ಬರೆದರು. ಒಂದು ಕಣ್ಣಿಗೆ ಒಂದೇ ಹನಿ, ಎರಡನೆಯದು ಕೆನ್ನೆಗೇ ಹೋಗುವುದು. ಬಿಟ್ಟ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಬೇಕು. ತೆರೆದು ನಾಲ್ಕು ವಾರವಾದರೆ ಬಾಟಲಿಯನ್ನು ಎಸೆಯಬೇಕು, ತಳದಲ್ಲಿ ಉಳಿದಿದ್ದರೂ ಸರಿಯೇ. ಆ ಕೊನೆಯ ಮಾತಿಗೆ ಸಾಹೇಬರು ಸಣ್ಣಗೆ ನರಳಿದರು. ಹೆಂಡತಿಗೆ ಧೂಳಿನ ಕಡಿತಕ್ಕೆ ಬೇರೆಯೇ ಹನಿ, ತಣ್ಣೀರಿನ ಬಟ್ಟೆ. ಕೆಂಪು ಹೋಗದಿರಲು ಗಂಡನ ಔಷಧಿಯೇ ಕಾರಣ ಎಂದು ಕೇಳಿ ಆಕೆ ನಾಚಿಕೊಂಡಳು.

ಆಪರೇಷನ್ ವಿಷಯ ಇನ್ನೂ ತೀರಿರಲಿಲ್ಲ. ನಾಲ್ಕು ತಿಂಗಳು ದಿನಾ ಹಾಕಿ, ಆಗಲೂ ಕಪ್ಪು ಹರಡಿದರೆ ಕೊಯ್ಯಲೇಬೇಕು ಎಂದರು ಡಾಕ್ಟರಮ್ಮ. ಯಾವ ತಾರೀಕಿಗೆ ಬರಲಿ ಎಂದು ಸಾಹೇಬರು ಡೈರಿ ತೆರೆದರು.

"ತಾರೀಕು ಹೇಳಲ್ಲ. ಒಂದಿನ ಬೆಳಿಗ್ಗೆ ಫೋನ್ ಮಾಡ್ತೀನಿ, ಅವತ್ತೇ ಬರ್ಬೇಕು."

ಅಂದಿನಿಂದ ರಾತ್ರಿ ಊಟವಾದ ಮೇಲಿನ ಎರಡು ನಿಮಿಷಕ್ಕೆ ಸಾಹೇಬರ ಮನೆಯಲ್ಲಿ ಒಂದು ಹೊಸ ವ್ಯವಸ್ಥೆಯಾಯಿತು. ಕಣ್ಣು ಮುಚ್ಚಿ ಮೂಲೆ ಒತ್ತಿಕೊಂಡು ಕುರ್ಚಿಗೆ ಅಂಟಿ ಕೂತ ಗಂಡ ಪೇಪರಿನ ಹಿಂದೆ ಅಡಗುವಂತಿಲ್ಲ, ಎದ್ದು ಹೋಗುವಂತಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದವರಿಗೆ ಹೆಂಡತಿ ಕಾರ್ಖಾನೆಯ ಕಥೆಗಳನ್ನು ಕಂತುಕಂತಾಗಿ ಹೇಳಿದಳು. ಅಂಟು ಕಾಯಿಸುವವಳಿಗೂ ಹೊಲಿಗೆಯವಳಿಗೂ ಏಕೆ ಮಾತಿಲ್ಲ ಎಂಬುದೊಂದೇ ಒಂದು ವಾರ ಎಳೆಯಿತು. ಎರಡು ನಿಮಿಷ ಕೆಲವೊಮ್ಮೆ ಹತ್ತಾಗುತ್ತಿತ್ತು. ಸಾಹೇಬರು ತಕರಾರು ಮಾಡಲಿಲ್ಲ.

ನಾಲ್ಕನೇ ತಿಂಗಳ ಒಂದು ಬುಧವಾರ, ಅವರು ಹನ್ನೆರಡನೇ ಮಹಡಿಯಲ್ಲಿ ಲಿಫ್ಟಿನ ನೆತ್ತಿಯ ಮೇಲಿದ್ದಾಗ ಫೋನ್ ಬಂತು. ಮೂರು ಗಂಟೆಗೆ ಬನ್ನಿ ಎಂದರು. ಇಳಿದು ಬಂದವರು ಹಳೆಯ ಅಭ್ಯಾಸದಲ್ಲಿ, ಮನೆಗೆ ಹೋಗಿ ಒಂದು ಹನಿ ಬಿಟ್ಟುಕೊಂಡು ಹೋಗಲೇ ಎಂದು ಒಂದು ಗಳಿಗೆ ಯೋಚಿಸಿದರು. ನಿನ್ನೆ ರಾತ್ರಿ ಹಾಕಿದ್ದಾಗಿದೆ, ಮೊನ್ನೆಯೂ ಹಾಕಿದ್ದಾಗಿದೆ. ಮಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ತೋಳಿನ ಗ್ರೀಸು ಒರೆಸಿಕೊಳ್ಳುತ್ತ ಬಸ್ಸು ಹತ್ತಿದರು. ಹೆಂಡತಿ ಬೆರಳಿನ ಅಂಟನ್ನೂ ತೊಳೆಯದೆ ಕಾರ್ಖಾನೆಯಿಂದ ಬಂದು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದಳು.

ಮತ್ತೆ ಅದೇ ಬೋಗುಣಿ, ಅದೇ ಚುಕ್ಕಿ ಬೆಳಕು. ಈ ಸಲ ಸಾಹೇಬರು ಬಲ್ಬಿನ ಬಗ್ಗೆ ಏನೂ ಹೇಳಲಿಲ್ಲ. ಡಾಕ್ಟರಮ್ಮ ಹೊಸ ಕಾಗದವನ್ನು ಹಳೆಯದರ ಮೇಲಿಟ್ಟು, ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೆಳಕಿನಲ್ಲಿ ನೋಡಿದರು. ನೋಡುತ್ತಲೇ ಇದ್ದರು. ಹೆಂಡತಿ ಸಾಹೇಬರ ಮುಂಗೈ ಹಿಡಿದುಕೊಂಡಳು, ಅಂಟಿನ ಕೈ ಅಲ್ಲೇ ಕಚ್ಚಿಕೊಂಡಿತು.

"ಹರಡಿಲ್ಲ. ಒತ್ತಡಾನೂ ಹಿಡಿತದಲ್ಲಿದೆ. ಆಪರೇಷನ್ ಸದ್ಯಕ್ಕೆ ಬೇಡ."

"ಹೋಗಿರೋ ಮೂಲೆ?" ಎಂದರು ಸಾಹೇಬರು.

"ಅದು ಹೋಯ್ತು ಸಾರ್. ಉಳಿದಿದ್ದನ್ನ ಉಳಿಸ್ಕೊಳ್ಳೋಣ."

ಹೊರಗೆ ಮೆಟ್ಟಿಲ ಮೇಲೆ ಸಾಹೇಬರು ಸ್ವಲ್ಪ ನಿಂತರು. ಎದುರಿನ ರಸ್ತೆ, ಸೈಕಲ್ಲಿನ ಮೇಲೆ ಹೂಕುಂಡ ಹಿಡಿದು ಹೋಗುತ್ತಿದ್ದ ಹೆಂಗಸು, ಬಸ್ಸಿನ ಕಿಟಕಿಯಲ್ಲಿ ನಿದ್ದೆ ಹೋದ ಮುದುಕ, ಎಲ್ಲವನ್ನೂ ಅವಸರವಿಲ್ಲದೆ ನೋಡಿದರು. ಹೆಂಡತಿ ತೋಳು ಜಗ್ಗಿ, ಔಷಧಿ ಅಂಗಡಿ ಮುಚ್ಚುವುದರೊಳಗೆ ನಡೆಯಿರಿ, ಬಾಟಲಿಗೆ ನಾಳಿದ್ದು ನಾಲ್ಕು ವಾರ ಆಗುತ್ತದೆ ಎಂದಳು. ಇನ್ನೂ ಎರಡು ದಿನ ಇದೆಯಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಸಾಹೇಬರು ಅವಳ ಹಿಂದೆ ಹೊರಟರು.