ನನ್ನನ್ನು ಮುಂಜಾನೆ ಮಾತ್ರ ಕೇಳಿದರು

ನಾನು ರಕ್ತದ ಸಕ್ಕರೆ ನೋಡುವ ಯಂತ್ರ. ಅಂಗೈಯಲ್ಲಿ ಅಡಗುವಷ್ಟು ಮೈ, ಒಂದು ಪುಟ್ಟ ಪರದೆ, ನಾಲಗೆ ಇಲ್ಲ. ಯಾವುದೋ ಊರಿನ ಕಾರ್ಖಾನೆಯಲ್ಲಿ ಹುಟ್ಟಿ, ಗದಗಿನ ಔಷಧಿ ಅಂಗಡಿಯೊಂದರಲ್ಲಿ ಎಂಟು ತಿಂಗಳು ಧೂಳು ತಿಂದೆ. ಮೊದಲು ಕೊಂಡವರು ನಿವೃತ್ತ ಪೋಸ್ಟ್‌ಮಾಸ್ತರರು. ಊಟಕ್ಕೆ ಮುಂಚೆ, ಊಟದ ಮೇಲೆ, ದಿನಕ್ಕೆ ನಾಲ್ಕು ಸಲ ನನ್ನನ್ನು ಮಾತಾಡಿಸುತ್ತಿದ್ದರು. ಮಗಳ ಊರಿಗೆ ಹೊರಟಾಗ ನನ್ನನ್ನು ಪಕ್ಕದ ಮನೆಯ ಕಸ್ತೂರೆವ್ವನಿಗೆ ಕೊಟ್ಟರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಕಸ್ತೂರೆವ್ವ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ದಪ್ಪ ಮೈ, ಜೊತೆಗೆ ದಮ್ಮು. ಒಮ್ಮೆ ಒಗ್ಗರಣೆಯ ಘಾಟಿಗೆ ಉಸಿರು ಕಟ್ಟಿದಾಗ ವೈದ್ಯರು ಐದು ದಿನಕ್ಕೆಂದು ಒಂದು ಸಣ್ಣ ಬಿಳಿ ಗುಳಿಗೆ ಬರೆದರು. ಅದು ಸ್ಟೀರಾಯ್ಡ್. ಉಸಿರು ಸಲೀಸಾಯಿತು. ಗಂಡ ಫಕ್ಕೀರಪ್ಪ ಹಳೇ ಚೀಟಿ ತೋರಿಸಿ ಅದನ್ನೇ ತರುತ್ತ ಹೋದ. ಐದು ದಿನದ ಗುಳಿಗೆ ಐದು ತಿಂಗಳು ದಾಟಿಯೂ ನಡೆದೇ ಇತ್ತು. ಆಗ ಶಾಲೆಗೆ ಬಂದ ಆರೋಗ್ಯ ತಪಾಸಣೆಯವರು ಮಧ್ಯಾಹ್ನ ನೋಡಿದರೆ ಸಕ್ಕರೆ ಮುನ್ನೂರ ಹತ್ತು!

"ಸಾಲಿಯೊಳಗ ಬೆಲ್ಲಾ ಮುಕ್ಕತಿ ನೀ. ಆ ಮೈ ಸುಮ್ನ ಬಂದೈತೇನು?" ಎಂದಳು ಅತ್ತೆ ಬಸಲಿಂಗವ್ವ.

"ಇಲ್ರೀ ಅತ್ತಿ, ದೇವರಾಣಿ, ಒಂದು ಚೂರೂ ಬಾಯಿಗೆ ಹಾಕಿಲ್ಲ."

ಸಾಕ್ಷಿಗೆ ನಾನು ಬಂದೆ. ಆದರೆ ನನ್ನನ್ನು ಕೇಳುತ್ತಿದ್ದುದು ಮುಂಜಾನೆ ಮಾತ್ರ, ಖಾಲಿ ಹೊಟ್ಟೆಯಲ್ಲಿ. ನೂರ ಎಂಟು. ನೂರ ಹನ್ನೆರಡು.

"ನೋಡು, ಮನ್ಯಾಗಿದ್ರ ನೆಟ್ಟಗಿರತೈತಿ, ಸಾಲಿಗೆ ಹೋದ್ರ ಏರತೈತಿ!" ಅತ್ತೆಯ ತೀರ್ಪು ಮುಗಿದೇ ಹೋಯಿತು.

ನನ್ನ ಸಿಟ್ಟು ನೆತ್ತಿಗೇರುತ್ತಿತ್ತು. ಬೆಳಿಗ್ಗೆ ನುಂಗಿದ ಆ ಗುಳಿಗೆ ಸಕ್ಕರೆ ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಬೆಳಗಾಗುವಷ್ಟರಲ್ಲಿ ಅದು ಇಳಿದು, ಏನೂ ಅರಿಯದವರ ಹಾಗೆ ಕೂತಿರುತ್ತದೆ. ಸಂಜೆ ಕೇಳಿರಯ್ಯಾ ನನ್ನನ್ನು! ಆದರೆ ಪಾತ್ರೆ ತಿಕ್ಕಿ, ಕಾಯಿಪಲ್ಲೆ ಕೊಂಡು ಕಸ್ತೂರೆವ್ವ ಮನೆ ಸೇರುವಾಗ ದೇವರ ದೀಪ ಹಚ್ಚಿರುತ್ತಿತ್ತು. ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಸೂಜಿ ಮುಟ್ಟುವಂತಿಲ್ಲ. ಬಟ್ಟೆ ಹೊಲಿಯುವ ಸೂಜಿಗಿದ್ದ ಕಟ್ಟಳೆಯನ್ನು ಬೆರಳು ಚುಚ್ಚುವ ಸೂಜಿಗೂ ಹೇರಿದ್ದರು.

ಕಸ್ತೂರೆವ್ವ ಹಟಕ್ಕೆ ಬಿದ್ದು ಎರಡು ರೊಟ್ಟಿಯನ್ನು ಒಂದಕ್ಕಿಳಿಸಿದಳು. ಗುಳಿಗೆಯೋ ಹಸಿವನ್ನು ಇನ್ನಷ್ಟು ಕೆರಳಿಸುತ್ತಿತ್ತು. ಒಂದು ದಿನ ಅನ್ನದ ಹಂಡೆಯ ಮುಂದೆ ತಲೆ ತಿರುಗಿ ಕುಸಿದಳು.

ಫಕ್ಕೀರಪ್ಪ ನನ್ನನ್ನೂ ಆಸ್ಪತ್ರೆಗೆ ಒಯ್ದ. ಅಲ್ಲಿಯ ಡಾಕ್ಟರಮ್ಮ ನನ್ನ ಗುಂಡಿ ಒತ್ತಿ ಕಸ್ತೂರೆವ್ವನ ಅಂಕಿಗಳನ್ನೆಲ್ಲ ನೋಡಿದರು. "ಎಲ್ಲಾ ಮುಂಜಾನಿವೇ ಅದಾವಲ್ರೀ. ಸಂಜಿಮುಂದ ಯಾಕ ನೋಡಿಲ್ಲ?"

"ದೀಪಾ ಹಚ್ಚಿದ ಮ್ಯಾಲೆ ಸೂಜಿ ಮುಟ್ಟಬಾರ್ದಲ್ರೀ," ಎಂದಳು ಬಸಲಿಂಗವ್ವ.

"ಬ್ಯಾರೆ ಗುಳಿಗಿ ಏನರ ತಗೋತಾರೇನು?"

"ಏನಿಲ್ರಿ," ಎಂದ ಫಕ್ಕೀರಪ್ಪ. "ದಮ್ಮಿಂದೊಂದು ಸಣ್ಣದೈತಿ, ಅಷ್ಟ."

ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಆ ಸಣ್ಣದರಿಂದಲೇ ಇಷ್ಟೆಲ್ಲಾ! ದಪ್ಪ ಮೈಯಾಗ ಸಕ್ರಿ ಇಳಸೋ ಇನ್ಸುಲಿನ್ ಮದ್ಲೇ ತ್ರಾಸಿಲೆ ಕೆಲಸಾ ಮಾಡತಿರತೈತಿ. ಈ ಗುಳಿಗಿ ಬಂದ್ರ ಅದರ ಮಾತು ಇನ್ನೂ ನಡ್ಯಂಗಿಲ್ಲ. ಮ್ಯಾಲೆ ಲಿವರ್ ಬ್ಯಾರೆ ಸಕ್ರಿ ಸುರೀತೈತಿ. ಬೆಲ್ಲಾ ತಿನ್ನದಿದ್ರೂ ಏರತೈತಿ. ಹಂಗಂತ ಒಮ್ಮೆಲೆ ಬಿಡಬ್ಯಾಡ್ರಿ, ಜೀವಕ್ಕ ಕುತ್ತು. ಮೆಲ್ಲಕ ಇಳಸೋಣು."

ದಮ್ಮಿಗೆ ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಬಂತು, ಸಕ್ಕರೆಗೂ ಮದ್ದು ಬಂತು. ಬಿಳಿ ಗುಳಿಗೆ ಹಂತಹಂತವಾಗಿ ನಿಂತಿತು; ಮಧ್ಯಾಹ್ನದ ಸಕ್ಕರೆಯೂ ಇಳಿಯಿತು.

ಈಗ ನನಗೂ ವಯಸ್ಸಾಗಿದೆ. ನನಗೆ ಹೊಂದುವ, ರಕ್ತದ ಹನಿ ಹೀರುವ ಸ್ಟ್ರಿಪ್ ಅಂಗಡಿಯಲ್ಲಿ ಸಿಗುವುದಿಲ್ಲ, ಗೋಡೆಯ ಗೂಡಿನಲ್ಲಿ ಸುಮ್ಮನೆ ಕೂತಿದ್ದೇನೆ. ಅಂಕಿ ಸರಿಯಿದ್ದರೆ ಸಾಕು, ನ್ಯಾಯ ತಾನಾಗಿ ಸಿಗುತ್ತದೆ ಎಂದು ನಂಬಿದ್ದ ಪೆದ್ದ ನಾನು.

ನಿನ್ನೆ ಬಸಲಿಂಗವ್ವ ನೆರೆಮನೆಯವಳಿಗೆ ಹೇಳುತ್ತಿದ್ದಳು: "ನಮ್ಮ ಸೊಸಿ ಬೆಲ್ಲಾ ತಿನ್ನೂದು ಬಿಟ್ಟಾಳವ್ವ. ಅದಕ್ಕ ಸಕ್ರಿ ಇಳದೈತಿ."

ಜೋಳ ಹಸನು ಮಾಡುತ್ತಿದ್ದ ಕಸ್ತೂರೆವ್ವನ ಕೈ ನಿಂತಿತು. "ಬಿಡಾಕ ನಾ ಯಾವಾಗ ತಿಂದಿದ್ನಿ ಅತ್ತಿ?"

ಬಸಲಿಂಗವ್ವ ಸೊಸೆಯ ಮುಖ ನೋಡಲಿಲ್ಲ. "ಚಾ ಇಡು, ಹೋಗು," ಎಂದಳು.